ಎರಡನೆಯ ಪೆಟ್ಟಿಗೆ: ಹಳೆಯ ಅಪರಾಧಗಳು ಬಯಲಿಗೆ ಬರುವ ಬಗೆ

ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ನಮ್ಮ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಹಿಂದಿನ ಕಾಲದಲ್ಲಿ ಅವರು ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಹೆಸರುಗಳನ್ನು ಒಂದೊಂದಾಗಿ ಹೇಳಿ, ಯಾರು ಯಾವ ಊರಿನಿಂದ ಬಂದರು, ಯಾವ ಕವಲು ಎಲ್ಲಿಗೆ ಹೋಗಿ ನೆಲೆಸಿತು ಎಂಬುದನ್ನೆಲ್ಲ ಬಿಡಿಸಿ, ಕಾಳುಕಡಿ ಬಟ್ಟೆಬರೆ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಬಾಲ್ಯದಲ್ಲಿ ಜಗುಲಿಯ ಮೇಲೆ ಕುಳಿತು ಅದನ್ನು ಕೇಳುತ್ತಿದ್ದ ನಮಗೆ ಒಂದು ವಿಷಯ ವಿಸ್ಮಯವನ್ನುಂಟುಮಾಡುತ್ತಿತ್ತು. ಮನೆಯವರು ಮರೆತ ಹೆಸರನ್ನೂ, ಮರೆಯಬೇಕೆಂದು ಬಯಸಿದ ಹೆಸರನ್ನೂ ಹೆಳವ ಬಿಡುತ್ತಿರಲಿಲ್ಲ. ಊರು ಬಿಟ್ಟು ಓಡಿಹೋದ ಚಿಕ್ಕಜ್ಜನೊಬ್ಬನ ಹೆಸರು ಬಂದೊಡನೆ ನಮ್ಮ ಅಜ್ಜಿ ಸೆರಗು ಸರಿಮಾಡಿಕೊಂಡು ಒಳಗೆ ಎದ್ದುಹೋದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆ ಹೆಳವನ ಧ್ವನಿ ನಮಗೆ ಮತ್ತೆ ನೆನಪಾದುದು ದೂರದ ಅಮೆರಿಕದ ಪತ್ತೇದಾರರ ವೃತ್ತಾಂತವೊಂದನ್ನು ಓದುವಾಗ. ನಾಲ್ಕು ದಶಕಗಳ ಕಾಲ ಯಾರ ಕೈಗೂ ಸಿಕ್ಕದಿದ್ದ ಘಾತುಕನೊಬ್ಬನನ್ನು ಕ್ಯಾಲಿಫೋರ್ನಿಯಾ ರಾಜ್ಯದ ಪೊಲೀಸರು ೨೦೧೮ರ ಏಪ್ರಿಲ್ ೨೪ರಂದು ಬಂಧಿಸಿದರು. ಅವನ ಮನೆಯ ಬಾಗಿಲಿನವರೆಗೆ ಅವರನ್ನು ಕರೆದೊಯ್ದುದು ಒಂದು ವಂಶಾವಳಿ. ಕೊಲೆ ಅತ್ಯಾಚಾರಗಳ ಸುದ್ದಿ ಈ ಪತ್ರಿಕೆಯ ಪುಟಗಳಿಗೆ ತಕ್ಕುದೇ ಎಂದು ಮನೆಯ ಹಿರಿಯರು ಕೇಳಿಯಾರು. ಘೋರ ಕೃತ್ಯಗಳನ್ನು ಬಣ್ಣಿಸುವ ಉದ್ದೇಶ ನಮಗಿಲ್ಲ. ಅವುಗಳ ಬೆನ್ನುಹತ್ತಿದವರ ಕೆಲಸದ ರೀತಿಯನ್ನು ಹೇಳುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಹೇಳುವೆವು.

ಸುಳಿವು ಸಿಗದೆ ನಿಂತುಹೋದ ಇಂತಹ ಪ್ರಕರಣಗಳನ್ನು ಅಲ್ಲಿನವರು ‘ಕೋಲ್ಡ್ ಕೇಸ್’ ಎಂದು ಕರೆಯುತ್ತಾರೆ. ಕರ್ನಾಟಕದ ಠಾಣೆಗಳಲ್ಲಿ ಅಪರಾಧಿ ಪತ್ತೆಯಾಗದಿದ್ದರೆ ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟು ಸಲ್ಲಿಸುವ ಪದ್ಧತಿಯುಂಟು. ‘ಸಿ’ ಆಯಿತೆಂದರೆ ಮುಗಿಯಿತು ಎಂದು ಜನ ಭಾವಿಸುತ್ತಾರೆ. ಹಾಗೇನೂ ಇಲ್ಲ, ಹೊಸ ಸಾಕ್ಷ್ಯ ದೊರೆತರೆ ತನಿಖೆಯನ್ನು ಮತ್ತೆ ನಡೆಸಬಹುದು. ಮೂರು ವರ್ಷಗಳಿಗೆ ಮೀರಿದ ಸೆರೆವಾಸಕ್ಕೆ ಗುರಿಯಾಗುವ ಅಪರಾಧಗಳಿಗೆ ನಮ್ಮ ಕಾನೂನಿನಲ್ಲಿ ಕಾಲಮಿತಿಯ ತಡೆಯಿಲ್ಲ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಹಾಗಿರಲಿಲ್ಲ. ಕೊಲೆಗೆ ಕಾಲಮಿತಿಯಿರಲಿಲ್ಲವಾದರೂ ಅತ್ಯಾಚಾರಕ್ಕೆ ಇತ್ತು. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರಿಂದ ಒದಗಿದ ಅನರ್ಥ ಸಣ್ಣದಲ್ಲ.

ಆ ಘಾತುಕನ ಕೃತ್ಯಗಳು ೧೯೭೪ರಿಂದ ೧೯೮೬ರವರೆಗೆ ಹಬ್ಬಿವೆ. ಮೊದಲು ವೈಸೇಲಿಯಾ ಎಂಬ ಊರಿನಲ್ಲಿ ಸಾಲುಸಾಲಾಗಿ ಮನೆಗಳವು. ೧೯೭೫ರ ಸೆಪ್ಟೆಂಬರಿನಲ್ಲಿ ಮಗಳನ್ನು ಎಳೆದೊಯ್ಯುತ್ತಿದ್ದವನನ್ನು ತಡೆಯಹೋದ ಅಧ್ಯಾಪಕರೊಬ್ಬರ ಕೊಲೆ. ೧೯೭೬ರಿಂದ ೧೯೭೯ರವರೆಗೆ ರಾಜ್ಯದ ಉತ್ತರ ಭಾಗದಲ್ಲಿ, ಮುಖ್ಯವಾಗಿ ಸ್ಯಾಕ್ರಮೆಂಟೊ ನಗರದ ಪೂರ್ವದ ಬಡಾವಣೆಗಳಲ್ಲಿ, ಸುಮಾರು ಐವತ್ತು ಮಂದಿ ಸ್ತ್ರೀಯರ ಮೇಲೆ ಅತ್ಯಾಚಾರ. ನಡುವೆ ನಾಯಿಯೊಡನೆ ಸಂಜೆ ತಿರುಗಾಟಕ್ಕೆ ಹೊರಟಿದ್ದ ದಂಪತಿಗಳ ಕೊಲೆ. ಅಲ್ಲಿಂದ ನೂರಾರು ಮೈಲಿ ದಕ್ಷಿಣಕ್ಕೆ, ಸಾಂಟಾ ಬಾರ್ಬರಾ, ವೆಂಚುರಾ, ಆರೆಂಜ್ ಕೌಂಟಿಗಳಲ್ಲಿ ಮತ್ತೆ ಹತ್ತು ಕೊಲೆಗಳು. ಒಟ್ಟು ಹದಿಮೂರು ಜೀವಗಳು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ವಿಭಾಗ. ಒಂದೊಂದಕ್ಕೂ ತನ್ನದೇ ಪೊಲೀಸು, ತನ್ನದೇ ಕಡತ. ಒಂದು ಕಡೆಯ ಕಡತ ಇನ್ನೊಂದು ಕಡೆಯವರಿಗೆ ಕಾಣದು. ಆದಕಾರಣ ಒಬ್ಬನೇ ಮನುಷ್ಯನಿಗೆ ಮೂರು ಪ್ರಾಂತಗಳಲ್ಲಿ ಮೂರು ಅಡ್ಡಹೆಸರುಗಳು ಹುಟ್ಟಿಕೊಂಡವು. ಮೂವರು ಬೇರೆ ಬೇರೆ ದುಷ್ಟರೆಂದೇ ಬಹುಕಾಲ ಬಹಳ ಮಂದಿ ನಂಬಿದ್ದರು. ಸ್ಯಾಕ್ರಮೆಂಟೊ ಕಡೆಯ ಕೆಲವು ಅಧಿಕಾರಿಗಳಿಗೆ ಮಾತ್ರ ದಕ್ಷಿಣದಲ್ಲಿ ಕೊಲ್ಲುತ್ತಿರುವವನು ತಮ್ಮವನೇ ಎಂಬ ಶಂಕೆಯಿತ್ತು. ಶಂಕೆಗೆ ನ್ಯಾಯಾಲಯದಲ್ಲಿ ಬೆಲೆಯೆಲ್ಲಿ?

ಹಳೆಯ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಳ್ಳುವ ಪತ್ತೇದಾರನ ಮೊದಲ ಕೆಲಸ ಬೀದಿಯಲ್ಲಲ್ಲ, ದಫ್ತರದ ಕೋಣೆಯಲ್ಲಿ. ಅಂದಿನ ಪಂಚನಾಮೆ, ಹೇಳಿಕೆಗಳು, ಮರಣೋತ್ತರ ಪರೀಕ್ಷೆಯ ವರದಿ ಇವನ್ನು ಮೊದಲಿನಿಂದ ಓದಬೇಕು. ಯಾರನ್ನು ಕೇಳಲಿಲ್ಲ, ಯಾರ ಮಾತನ್ನು ಪರಿಶೀಲಿಸದೆ ಬರೆದುಕೊಂಡರು ಎಂಬುದನ್ನು ಗುರುತಿಸಬೇಕು. ಅಂದು ಹೆದರಿ ಸುಮ್ಮನಿದ್ದ ಹೆಂಡತಿ ಇಂದು ವಿಧವೆಯಾಗಿದ್ದಾಳು, ಅಂದಿನ ಗೆಳೆಯ ಇಂದು ಹಗೆಯಾಗಿದ್ದಾನು. ಬಾಯಿ ಬಿಡದವರು ಬಿಡುವ ಕಾಲ ಬಂದಿದ್ದೀತು. ಅನಂತರ ಮುದ್ದೇಮಾಲಿನ ಕೋಣೆ. ಅಂದು ಜಪ್ತಿ ಮಾಡಿದ ವಸ್ತು ಇನ್ನೂ ಇದೆಯೇ, ಚೀಟಿ ಸರಿಯಾಗಿದೆಯೇ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಮುರಿಯದೆ ಇದೆಯೇ? ಎಷ್ಟೋ ಪ್ರಕರಣಗಳು ಅಪರಾಧಿಯ ಜಾಣತನದಿಂದಲ್ಲ, ಈ ಕೋಣೆಯ ಗೆದ್ದಲು ಇಲಿಗಳಿಂದ ಸಾಯುತ್ತವೆ. ಮಠದ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳು ಪುಡಿಯಾದುದನ್ನು ಕಂಡ ನಮಗೆ ಈ ಸಂಕಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಎಂಬ ವಿಜ್ಞಾನಿ ೧೯೮೪ರಲ್ಲಿ ಡಿ.ಎನ್.ಎ. ಮೂಲಕ ಮನುಷ್ಯನನ್ನು ಗುರುತಿಸುವ ವಿಧಾನವನ್ನು ಕಂಡುಹಿಡಿದ ಮೇಲೆ, ಮುದ್ದೇಮಾಲಿನ ಕೋಣೆಯ ಒಣಗಿದ ಕಲೆಗಳಿಗೆ ಬಾಯಿ ಬಂದಿತು. ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯ ಪ್ರಯೋಗಾಲಯದಲ್ಲಿದ್ದ ಪಾಲ್ ಹೋಲ್ಸ್ ಎಂಬಾತ ಹಳೆಯ ಅತ್ಯಾಚಾರಗಳ ಮೂರು ಮಾದರಿಗಳನ್ನು ಹುಡುಕಿ ತೆಗೆದ. ಮೂರೂ ಒಬ್ಬನವೇ. ೨೦೦೧ರಲ್ಲಿ ಅವನ್ನು ಆರೆಂಜ್ ಕೌಂಟಿಯ ಕೊಲೆಗಳ ಮಾದರಿಯೊಡನೆ ಹೋಲಿಸಿದಾಗ ಉತ್ತರದವನೂ ದಕ್ಷಿಣದವನೂ ಒಬ್ಬನೇ ಎಂಬುದು ನಿಸ್ಸಂದೇಹವಾಯಿತು. ಆದರೆ ಯಾರು ಅವನು? ಸರ್ಕಾರದ ಸಂಗ್ರಹದಲ್ಲಿ ಇರುವುದು ಈ ಮೊದಲೇ ಸಿಕ್ಕಿಬಿದ್ದವರ ಗುರುತುಗಳಷ್ಟೆ. ಇವನು ಅಲ್ಲಿರಲಿಲ್ಲ. ಮತ್ತೆ ಹದಿನೇಳು ವರ್ಷ ಅವನಿಗೆ ಹೆಸರಿರಲಿಲ್ಲ.

ಈ ನಡುವೆ ಸ್ಯಾಕ್ರಮೆಂಟೊ ಕಡೆಯ ಮಾದರಿಗಳ ಗತಿಯೇನಾಯಿತು? ಅತ್ಯಾಚಾರಕ್ಕೆ ಕಾಲಮಿತಿಯಿತ್ತೆಂದು ಮೇಲೆ ಹೇಳಿದೆವಷ್ಟೆ. ಅವಧಿ ಮುಗಿದ ಬಳಿಕ ಇಟ್ಟುಕೊಂಡು ಮಾಡುವುದೇನೆಂದು ಅವನ್ನು ನಾಶಮಾಡಿಬಿಟ್ಟಿದ್ದರು. ನಿಯಮದಂತೆ ನಡೆದ ಕೆಲಸ, ತಪ್ಪಿತಸ್ಥರು ಯಾರೂ ಇಲ್ಲ. ಆದರೂ ಓದುವಾಗ ಕೈ ಹಿಸುಕಿಕೊಳ್ಳುವಂತಾಗುತ್ತದೆ. ಬೇರೆಡೆ ಉಳಿದಿದ್ದ ಮಾದರಿಗಳಾದರೋ ಹಿಂದಿನ ಪರೀಕ್ಷೆಗಳಲ್ಲಿಯೇ ಬಹುಪಾಲು ಸವೆದಿದ್ದವು. ಹೊಸ ಬಗೆಯ ಪರೀಕ್ಷೆಗೆ ಬೇಕಾದಷ್ಟು ಉಳಿದಿರಲಿಲ್ಲ.

ಆಗ ದೊರೆತುದೇ ಎರಡನೆಯ ಪೆಟ್ಟಿಗೆ. ವೆಂಚುರಾದಲ್ಲಿ ೧೯೮೦ರ ಮಾರ್ಚಿನಲ್ಲಿ ದಂಪತಿಗಳಿಬ್ಬರ ಕೊಲೆಯಾದಾಗ ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯ ಡಾ. ಪೀಟರ್ ಸ್ಪೆತ್ ಅವರಿಗೆ ಒಂದು ರೂಢಿಯಿತ್ತು. ಮೃತದೇಹದಿಂದ ಮಾದರಿಗಳನ್ನು ತೆಗೆಯುವಾಗ ಒಂದು ಪೆಟ್ಟಿಗೆ ಪೊಲೀಸರಿಗೆ, ಅಂತಹುದೇ ಇನ್ನೊಂದು ತಮ್ಮ ಕಚೇರಿಯ ಶೈತ್ಯಪೆಟ್ಟಿಗೆಗೆ. ಡಿ.ಎನ್.ಎ. ಪರೀಕ್ಷೆಯೆಂಬುದೇ ಆಗ ಹುಟ್ಟಿರಲಿಲ್ಲ. ಅದು ಎಂದು, ಯಾರಿಗೆ, ಯಾವ ಬಗೆಯಲ್ಲಿ ಉಪಯೋಗಕ್ಕೆ ಬಂದೀತು ಎಂಬುದನ್ನು ಅವರು ಊಹಿಸಲೂ ಶಕ್ಯವಿರಲಿಲ್ಲ. ಅದೇ ಕೊಲೆಗಳಿಗಾಗಿ ಬೇರೊಬ್ಬನನ್ನು ಹಿಡಿದು ಆರೋಪ ಹೊರಿಸಿ, ಕೊನೆಗೆ ಕೈಬಿಟ್ಟಿದ್ದರು. ಆ ಮನುಷ್ಯ ಊರಿನ ಶಂಕೆಯ ನೆರಳಿನಲ್ಲಿಯೇ ಬಾಳಬೇಕಾಯಿತು. ನಿಜವಾದ ಅಪರಾಧಿಯ ಗುರುತು ಆ ದಿನಗಳಲ್ಲೆಲ್ಲ ಕದಲದೆ ಆ ಶೈತ್ಯಪೆಟ್ಟಿಗೆಯಲ್ಲಿತ್ತು. ಮೂವತ್ತೇಳು ವರ್ಷಗಳ ತರುವಾಯ ತೆರೆದಾಗ ಮಾದರಿ ಕೆಟ್ಟಿರಲಿಲ್ಲ.

ಹೊಸ ಬಗೆಯ ಪರೀಕ್ಷೆ ಎಂದೆವು. ಅದನ್ನು ಹಸ್ತಪ್ರತಿಗಳ ಕೆಲಸದ ಉಪಮೆಯಿಂದ ಹೇಳಿದರೆ ತಿಳಿಯಲು ಸುಲಭ. ಒಂದೇ ಕೃತಿಯ ಇಪ್ಪತ್ತು ಓಲೆಪ್ರತಿಗಳು ನಮ್ಮ ಮುಂದಿವೆ ಎಂದುಕೊಳ್ಳೋಣ. ಎರಡು ಪ್ರತಿಗಳಲ್ಲಿ ಅದೇ ಜಾಗದಲ್ಲಿ ಅದೇ ಅಕ್ಷರ ತಪ್ಪಾಗಿದ್ದರೆ, ಆ ಎರಡೂ ಒಂದೇ ತಾಯಿಪ್ರತಿಯಿಂದ ಇಳಿದವೆಂದು ಪರಿಷ್ಕರಣಕಾರ ತೀರ್ಮಾನಿಸುತ್ತಾನೆ. ಅಂತಹ ಸಮಾನ ದೋಷಗಳು ಎಷ್ಟು ಹೆಚ್ಚೋ ನಂಟು ಅಷ್ಟು ಹತ್ತಿರ. ಡಿ.ಎನ್.ಎ. ಕೂಡ ತಂದೆತಾಯಿಯರಿಂದ ಮಕ್ಕಳಿಗೆ ನಕಲಾಗುತ್ತ ಬರುವ ಗ್ರಂಥವೇ. ಪೊಲೀಸರ ಹಳೆಯ ಪರೀಕ್ಷೆ ಅದರ ಸುಮಾರು ಇಪ್ಪತ್ತು ಸ್ಥಾನಗಳನ್ನು ಮಾತ್ರ ನೋಡಿ ‘ಇವನೇ ಅವನು’ ಅಥವಾ ‘ಅಲ್ಲ’ ಎನ್ನುತ್ತದೆ. ಹೊಸದು ಲಕ್ಷಾಂತರ ಸ್ಥಾನಗಳನ್ನು ಓದುತ್ತದೆ. ಆದುದರಿಂದ ‘ಇವನು ಅವನ ಬಳಗದವನು’ ಎಂದೂ ಹೇಳಬಲ್ಲದು. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಸಮಾನ. ಅವರ ಮಕ್ಕಳ ನಡುವೆ ಎಂಟರಲ್ಲೊಂದು ಪಾಲು, ಮೊಮ್ಮಕ್ಕಳ ನಡುವೆ ಮೂವತ್ತೆರಡರಲ್ಲೊಂದು, ಮರಿಮಕ್ಕಳ ನಡುವೆ ನೂರ ಇಪ್ಪತ್ತೆಂಟರಲ್ಲೊಂದು. ಇಷ್ಟು ಸಣ್ಣ ಎಳೆಯೂ ಕಾಣುತ್ತದೆ.

ಅಮೆರಿಕದಲ್ಲಿ ವಲಸೆ ಬಂದವರ ಸಂತತಿಯೇ ಹೆಚ್ಚು. ತಮ್ಮ ಮೂಲ ಯಾವ ದೇಶ, ಬಳಗದವರು ಎಲ್ಲಿದ್ದಾರೆ ಎಂದು ತಿಳಿಯುವ ಹಂಬಲ ಅಲ್ಲಿನ ಜನಕ್ಕೆ ಬಹಳ. ಎಂಜಲನ್ನು ಕೊಳವೆಯಲ್ಲಿಟ್ಟು ಕಂಪನಿಗೆ ಕಳುಹಿಸಿ ಡಿ.ಎನ್.ಎ. ಓದಿಸಿಕೊಳ್ಳುತ್ತಾರೆ. ಹಾಗೆ ಓದಿಸಿಕೊಂಡವರು ಸಾರ್ವಜನಿಕವಾಗಿ ಹೋಲಿಸಿ ನೋಡಲೆಂದು ಇಬ್ಬರು ಹವ್ಯಾಸಿಗಳು ೨೦೧೦ರಲ್ಲಿ ‘ಜೆಡ್‌ಮ್ಯಾಚ್’ ಎಂಬ ಗಣಕ ಸಂಗ್ರಹವನ್ನು ತೆರೆದಿದ್ದರು. ನಮ್ಮ ಹೆಳವರ ಕಟ್ಟಿಗೂ ಇದಕ್ಕೂ ಇರುವ ಅಂತರ ದೊಡ್ಡದೇನಲ್ಲ.

ಈ ದಾರಿಯಲ್ಲಿ ಮೊದಲ ಹೆಜ್ಜೆ ತಪ್ಪಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವರ್ಣತಂತುವೊಂದರ ಕೆಲವೇ ಗುರುತುಗಳನ್ನು ಹಿಡಿದು ಹುಡುಕಿದ ಪೊಲೀಸರು, ೨೦೧೭ರಲ್ಲಿ ಒರೆಗಾನ್ ರಾಜ್ಯದ ಆರೈಕೆಯ ಮನೆಯೊಂದರಲ್ಲಿ ಹಾಸಿಗೆ ಹಿಡಿದಿದ್ದ ೭೩ ವರ್ಷದ ವೃದ್ಧನಿಂದ ಮಾದರಿ ತೆಗೆಸಿದರು. ಆತ ನಿರಪರಾಧಿ. ಆ ಮನೆಯವರು ಆ ದಿನಗಳನ್ನು ಹೇಗೆ ಕಳೆದರೋ, ತಿಳಿದವರು ಬರೆದಿಲ್ಲ.

ಆ ಬಳಿಕ ಪಾಲ್ ಹೋಲ್ಸ್ ಮತ್ತು ಅವರೊಡನಿದ್ದ ಕೇಂದ್ರ ತನಿಖಾ ಸಂಸ್ಥೆಯವರು ಬಾರ್ಬರಾ ರೇ-ವೆಂಟರ್ ಎಂಬ ವಿದುಷಿಯ ನೆರವು ಪಡೆದರು. ಈಕೆ ಪೇಟೆಂಟ್ ಕಾನೂನಿನ ವಕೀಲಿಯಿಂದ ನಿವೃತ್ತರಾಗಿ ವಂಶಾವಳಿಯ ಶೋಧವನ್ನು ಹವ್ಯಾಸವಾಗಿ ಹಿಡಿದ ಮಹಿಳೆ. ವೆಂಚುರಾದ ಮಾದರಿಯನ್ನು ಸಂಗ್ರಹದಲ್ಲಿ ಹೋಲಿಸಿದಾಗ ಸಿಕ್ಕವರು ಬಹುದೂರದ ದಾಯಾದಿಗಳು. ಘಾತುಕನಿಗೂ ಅವರಿಗೂ ಸಮಾನರಾದ ಪೂರ್ವಜರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬದುಕಿದ್ದವರು. ಈಗ ಕೆಲಸ ಎರಡು ಬಗೆ: ಆ ದಾಯಾದಿಗಳಿಂದ ಮೇಲಕ್ಕೆ ಏರಿ ಮೂಲದಂಪತಿಗಳನ್ನು ತಲುಪುವುದು, ಅಲ್ಲಿಂದ ಅವರ ಸಮಸ್ತ ಸಂತಾನವನ್ನು ಹಿಡಿದು ಕೆಳಕ್ಕೆ ಇಳಿಯುವುದು. ಜನಗಣತಿಯ ಪುಸ್ತಕಗಳು, ಹಳೆಯ ವೃತ್ತಪತ್ರಿಕೆಗಳ ಮರಣವಾರ್ತೆಗಳು, ಸಮಾಧಿಯ ಕಲ್ಲುಗಳು ಇವೇ ಆಧಾರ. ಹೆಣ್ಣುಮಕ್ಕಳು ಮದುವೆಯಾಗಿ ಹೆಸರು ಬದಲಾದ ಕಡೆಯೆಲ್ಲ ದಾರಿ ಮಸುಕು. ನಮ್ಮ ಹೆಳವರೂ ಗಂಡುಕವಲನ್ನೇ ಹಿಡಿದು ಹೋಗುವವರು. ಕೊಟ್ಟ ಹೆಣ್ಣಿನ ಮುಂದಿನ ಕಥೆ ಅವರ ಕಟ್ಟಿನಲ್ಲಿ ಸಿಗುವುದು ವಿರಳ. ರಕ್ತ ಮಾತ್ರ ಹೆಣ್ಣುಕವಲೆಂದು ಬಿಟ್ಟು ಹೋಗುವುದಿಲ್ಲ. ಹೀಗೆ ಸಹಸ್ರಾರು ಹೆಸರುಗಳ ವೃಕ್ಷಗಳನ್ನು ಬರೆದು, ಗಂಡಸಾಗಿರಬೇಕು, ಇಂತಿಷ್ಟು ವಯಸ್ಸಿನವನಾಗಿರಬೇಕು, ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದ್ದಿರಬೇಕು ಎಂದು ಜರಡಿ ಹಿಡಿದರು. ಕಣ್ಣು ನೀಲಿಯಿರಬೇಕೆಂಬ ಸೂಚನೆಯೂ ಡಿ.ಎನ್.ಎ.ಯಿಂದ ದೊರೆಯಿತು. ಕೆಲವೇ ಹೆಸರುಗಳು ಉಳಿದವು. ಅವುಗಳಲ್ಲಿ ಒಂದು, ಜೋಸೆಫ್ ಜೇಮ್ಸ್ ಡಿಏಂಜಲೊ.

ನಲವತ್ತು ವರ್ಷಗಳ ಶಂಕಿತರ ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲದ ಹೆಸರು ಅದು. ಅವನ ಹಿನ್ನೆಲೆಯನ್ನು ಕೆದಕಿದಾಗ ಕಂಡುದೇನು? ೧೯೭೩ರಿಂದ ೧೯೭೯ರವರೆಗೆ ಅವನು ಪೊಲೀಸನಾಗಿದ್ದ! ಮೊದಲು ವೈಸೇಲಿಯಾದ ಬಳಿಯ ಎಕ್ಸೆಟರಿನಲ್ಲಿ, ಬಳಿಕ ಸ್ಯಾಕ್ರಮೆಂಟೊದ ಬಳಿಯ ಆಬರ್ನಿನಲ್ಲಿ. ಅಂಗಡಿಯಲ್ಲಿ ಸುತ್ತಿಗೆಯನ್ನೂ ನಾಯಿ ಓಡಿಸುವ ಔಷಧವನ್ನೂ ಕದ್ದು ಸಿಕ್ಕಿಬಿದ್ದು ೧೯೭೯ರಲ್ಲಿ ಕೆಲಸ ಕಳೆದುಕೊಂಡಿದ್ದ. ಉತ್ತರದ ಕೃತ್ಯಗಳು ನಿಂತುದೂ ಅದೇ ವರ್ಷ, ದಕ್ಷಿಣದವು ಆರಂಭವಾದುದೂ ಅದೇ ವರ್ಷ. ಆಮೇಲೆ ಲಾರಿ ರಿಪೇರಿಯ ಕೆಲಸ ಮಾಡಿ, ನಿವೃತ್ತನಾಗಿ, ಹೆಣ್ಣುಮಕ್ಕಳ ತಂದೆಯಾಗಿ, ಮೊಮ್ಮಗಳ ಅಜ್ಜನಾಗಿ, ತಾನು ಹಿಂದೆ ಬೇಟೆಯಾಡಿದ ಸ್ಯಾಕ್ರಮೆಂಟೊ ಬಡಾವಣೆಗಳ ನಡುವೆಯೇ ವಾಸವಾಗಿದ್ದ. ಪಾಲ್ ಹೋಲ್ಸ್ ತಮ್ಮ ನಿವೃತ್ತಿಗೆ ಒಂದು ದಿನ ಮುಂಚೆ ಅವನ ಮನೆಯ ಎದುರು ಕಾರು ನಿಲ್ಲಿಸಿ, ಇಳಿದು ಹೋಗಿ ಒಂದು ಮಾದರಿ ಕೇಳಿಬಿಡಲೇ ಎಂದು ಯೋಚಿಸುತ್ತ ಕುಳಿತಿದ್ದು, ಕೊನೆಗೆ ಬಾಗಿಲು ತಟ್ಟದೆ ಹಿಂದಿರುಗಿದರಂತೆ. ಒರೆಗಾನಿನ ವೃದ್ಧನ ಪ್ರಸಂಗವಾದ ಮೇಲೆ ಅವಸರ ಸಲ್ಲದು ಎಂಬುದು ಅವರ ಅರಿವಿಗೆ ಬಂದಿರಬೇಕೆಂದು ನಮಗೆ ತೋರುತ್ತದೆ.

ವಂಶವೃಕ್ಷ ಸುಳಿವು ಮಾತ್ರ, ಸಾಕ್ಷ್ಯವಲ್ಲ. ಸಾಕ್ಷ್ಯಕ್ಕೆ ಅವನದೇ ಮಾದರಿ ಬೇಕು. ಅವನು ಅಂಗಡಿಯೊಂದರ ಹೊರಗೆ ನಿಲ್ಲಿಸಿದ ಕಾರಿನ ಬಾಗಿಲ ಹಿಡಿಯನ್ನು ಒರಸಿ ತೆಗೆದರು, ಹೊಂದಿತು. ಇನ್ನೂ ಖಚಿತವಾಗಲೆಂದು ಅವನ ಮನೆಯ ಹೊರಗಿನ ಕಸದ ತೊಟ್ಟಿಯಿಂದ ಒಂದು ಕಾಗದದ ಕರವಸ್ತ್ರವನ್ನು ಎತ್ತಿಕೊಂಡರು, ಅದೂ ಹೊಂದಿತು. ಬಂಧನವಾದಾಗ ಅವನಿಗೆ ೭೨ ವರ್ಷ.

೨೦೨೦ರ ಜೂನ್ ೨೯ರಂದು, ಕೋವಿಡ್ ಸೋಂಕಿನ ಕಾರಣ ವಿಶ್ವವಿದ್ಯಾಲಯವೊಂದರ ವಿಶಾಲ ಸಭಾಂಗಣದಲ್ಲಿ ಕಲಾಪ ನಡೆಯಿತು. ಮರಣದಂಡನೆಯನ್ನು ತಪ್ಪಿಸಿಕೊಳ್ಳುವ ಒಪ್ಪಂದದಂತೆ ಅವನು ಹದಿಮೂರು ಕೊಲೆಗಳನ್ನೂ ಹದಿಮೂರು ಅಪಹರಣಗಳನ್ನೂ ಒಪ್ಪಿಕೊಂಡ. ಅತ್ಯಾಚಾರಗಳಿಗೆ ಕಾಲಮಿತಿ ಮೀರಿತ್ತಾದುದರಿಂದ ಅವುಗಳ ಆರೋಪ ಹೊರಿಸಲಾಗಲಿಲ್ಲ; ಆದರೆ ತುಂಬಿದ ಸಭೆಯಲ್ಲಿ ಅವನ್ನು ಓದಿ ಹೇಳಿ ಅವನಿಂದ ಒಪ್ಪಿಸಲಾಯಿತು. ವೈಸೇಲಿಯಾದ ಅಧ್ಯಾಪಕರ ಕೊಲೆಗೆ ಡಿ.ಎನ್.ಎ. ಸಾಕ್ಷ್ಯ ಇರಲೇ ಇಲ್ಲ. ಅದು ಇತ್ಯರ್ಥವಾದುದು ಈ ಒಪ್ಪಿಗೆಯಿಂದಲೇ. ಆಗಸ್ಟ್ ೨೧ರಂದು, ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ. ನ್ಯಾಯಾಲಯಕ್ಕೆ ಗಾಲಿಕುರ್ಚಿಯಲ್ಲಿ ಬಂದು ಕ್ಷೀಣಧ್ವನಿಯಲ್ಲಿ ಮಾತಾಡುತ್ತಿದ್ದವನು, ಸೆರೆಮನೆಯ ಕೋಣೆಯಲ್ಲಿ ಮೇಜಿನ ಮೇಲೆ ಏರಿ ಇಳಿದು ಮಾಡುತ್ತಿದ್ದ ದೃಶ್ಯವನ್ನು ಸರ್ಕಾರಿ ವಕೀಲರು ತೋರಿಸಿದ್ದರು.

ಎಲ್ಲ ಹಳೆಯ ಪ್ರಕರಣಗಳೂ ಪ್ರಯೋಗಾಲಯದಿಂದಲೇ ತೆರೆಯುವುದಿಲ್ಲ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯೊಂದರಿಂದ ೧೯೯೧ರಲ್ಲಿ ಶ್ರೀಮಂತ ಮಹಿಳೆಯೊಬ್ಬರು ಕಾಣೆಯಾದುದು ಹಿರಿಯ ವಾಚಕರಿಗೆ ನೆನಪಿರಬಹುದು. ಅವರ ಎರಡನೆಯ ಗಂಡ, ಹೆಸರಿಗೆ ‘ಸ್ವಾಮಿ’ ಎಂದು ಅಂಟಿಸಿಕೊಂಡಿದ್ದವನು, ಕೇಳಿದಾಗಲೆಲ್ಲ ಒಂದೊಂದು ಕಥೆ ಹೇಳುತ್ತಿದ್ದ. (ಆ ಶಬ್ದಕ್ಕೆ ಇಂತಹವರಿಂದ ಬಂದ ಅಪಕೀರ್ತಿಯ ಮಾತು ಬೇರೆಯೇ ಆಯಿತು.) ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿದ್ದಾಳೆ ಎಂದಾಗ ಮಗಳು ಆ ಆಸ್ಪತ್ರೆಯನ್ನೇ ವಿಚಾರಿಸಿದಳು, ಅಂತಹವರು ಯಾರೂ ಅಲ್ಲಿರಲಿಲ್ಲ. ೧೯೯೨ರಲ್ಲಿ ಆಕೆ ದೂರು ಕೊಟ್ಟಳು, ಕೊಟ್ಟು ಸುಮ್ಮನಿರಲಿಲ್ಲ. ೧೯೯೪ರ ಮಾರ್ಚಿನಲ್ಲಿ ಅದೇ ಮನೆಯ ಅಂಗಳದ ನೆಲವನ್ನು ಅಗೆದಾಗ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ದೊರೆಯಿತು. ತಲೆಬುರುಡೆಯನ್ನು ಭಾವಚಿತ್ರದೊಡನೆ ಹೊಂದಿಸಿ ನೋಡುವ ಪರೀಕ್ಷೆಯೂ ಡಿ.ಎನ್.ಎ. ಪರೀಕ್ಷೆಯೂ ಬಂದುದು ಆಮೇಲೆ, ಗುರುತನ್ನು ಸ್ಥಿರಪಡಿಸಲು. ೨೦೦೫ರಲ್ಲಿ ಸೆಷನ್ಸ್ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೦೮ರಲ್ಲಿ ಬದುಕಿರುವವರೆಗೆ ಬಿಡುಗಡೆಯಿಲ್ಲದ ಸೆರೆಯಾಗಿ ಬದಲಿಸಿತು. ಆ ಮಗಳು ಮೊದಲ ಕಥೆಯನ್ನೇ ನಂಬಿ ಸುಮ್ಮನಾಗಿದ್ದರೆ ಅಂಗಳವನ್ನು ಅಗೆಯುವವರು ಯಾರಿದ್ದರು?

ಕ್ಯಾಲಿಫೋರ್ನಿಯಾದ ವೃತ್ತಾಂತದಲ್ಲಿ ನಮಗೆ ಬಗೆಹರಿಯದೆ ಉಳಿದ ಮಾತು ಒಂದಿದೆ. ತಮ್ಮ ಸಂಗ್ರಹವನ್ನು ಪೊಲೀಸರು ಬಳಸಿದರೆಂಬುದು ಜೆಡ್‌ಮ್ಯಾಚಿನ ಒಡೆಯರಿಗೆ ತಿಳಿದುದು ಬಂಧನವಾದ ಮೇಲೆ. ೨೦೧೯ರ ಮೇ ತಿಂಗಳಿನಿಂದ, ತಾವಾಗಿ ಒಪ್ಪಿಗೆ ಕೊಟ್ಟವರ ಡಿ.ಎನ್.ಎ. ಮಾತ್ರ ಪೊಲೀಸರಿಗೆ ಸಿಗುವಂತೆ ಅವರು ನಿಯಮವನ್ನು ಬದಲಿಸಿದರು. ಖಾಸಗಿ ಕಂಪನಿಗಳ ಸಂಗ್ರಹಗಳಲ್ಲಿಯೂ ಅವುಗಳ ಅರಿವಿಗೆ ಬಾರದಂತೆ ಹುಡುಕಾಟ ನಡೆದಿತ್ತೆಂಬುದು ೨೦೨೦ರಲ್ಲಿ ಹೊರಬಂದಿತು. ನಮ್ಮ ದೇಶದಲ್ಲಿ ಡಿ.ಎನ್.ಎ. ಬಳಕೆಗೆ ಪ್ರತ್ಯೇಕ ಕಾನೂನು ತರಲು ೨೦೧೯ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು ೨೦೨೩ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಹೆಳವನಾದರೋ ಮನೆಯವರೆಲ್ಲ ಕೇಳುವಂತೆ ಬಾಗಿಲ ಮುಂದೆಯೇ ನಿಂತು ಓದುತ್ತಿದ್ದ. ಬೇಡವಾದವರು ನಮ್ಮ ಅಜ್ಜಿಯಂತೆ ಎದ್ದು ಒಳಗೆ ಹೋಗಬಹುದಿತ್ತು. ತನ್ನ ಮೂಲ ಯಾವುದೆಂದು ಕುತೂಹಲದಿಂದ ಎಂಜಲು ಕಳುಹಿಸಿದ ಆ ದೂರದ ದಾಯಾದಿಗೆ ತನ್ನ ಮನೆತನದ ಕಟ್ಟನ್ನು ಯಾರೋ ಬಿಚ್ಚಿ ಓದುತ್ತಿದ್ದಾರೆಂಬ ಸುದ್ದಿಯೇ ಇರಲಿಲ್ಲ.